ಕೆಂಚಮಾಳದ ಸರಕಾರಿ ಹೂದೋಟ

ಮನೂರಿನ ಕಡೆ ಕೆಂಚಮಾಳ ಅಂತ ಒಂದು ಊರು. ಅಲ್ಲಿ ಕುರಿ ಕಾಯುವವರು ಮನೆಗೊಬ್ಬರಿದ್ದರು. ಶೇರವಾನಿ ತೊಟ್ಟು ಕುರಿ ಕಾಯುವವನು ಮಾತ್ರ ಯಂಕಪ್ಪ ಒಬ್ಬನೇ. ನಿಜಾಮರ ರಾಜ್ಯದಲ್ಲಿ ಏನೇನಕ್ಕೋ ಕಾನೂನಿತ್ತು, ಕುರಿಗಾರ ಶೇರವಾನಿ ತೊಡಬಾರದೆಂಬ ಕಾನೂನು ಇರಲಿಲ್ಲ. ಅದೊಂದು ಇದ್ದಿದ್ದರೆ ನಮ್ಮ ಮನೆ ಉಳಿಯುತ್ತಿತ್ತು ಎಂದು ಅವನ ಹೆಂಡತಿ ಮೋನಮ್ಮ ಆಮೇಲೆ ಎಷ್ಟೋ ಸಲ ಅಂದಳು.

ಆ ಶೇರವಾನಿಗೆ ಒಂದು ಚರಿತ್ರೆಯೇ ಇದೆ. ಒಮ್ಮೆ ಯಂಕಪ್ಪ ಕಂಬಳಿ ಮಾರಲೆಂದು ತಾಂಡೂರಿನ ತನಕ ನಡೆದು, ಅಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದ. ಬರುವಾಗ ಜೋಳ, ಉಪ್ಪು, ಹೆಂಡತಿಗೊಂದು ಸೀರೆ ತರಬೇಕಿತ್ತು. ತಂದದ್ದು ಯಾರೋ ತೊಟ್ಟು ಬಿಟ್ಟ ಕರಿ ಶೇರವಾನಿ. ಅದರ ಕೆಳಗಿನ ಗುಂಡಿಗಳೆಲ್ಲ ಉದುರಿದ್ದವು. ಯಂಕಪ್ಪ ತನ್ನ ಬೂದು ಕುರಿಯ ಉಣ್ಣೆಯನ್ನು ತಾನೇ ನೂತು, ಗುಂಡಿ ಇಲ್ಲದ ಕಡೆಯಲ್ಲೆಲ್ಲ ಆ ದಾರದಿಂದ ಗಂಟು ಕಟ್ಟಿಕೊಂಡ. ಮೋನಮ್ಮ ಸೀರೆ ಎಲ್ಲಿ ಎಂದು ಕೇಳಿದಳು. ಯಂಕಪ್ಪ ಶೇರವಾನಿಯ ಉದ್ದವನ್ನು ತೋರಿಸಿ, ಇದರಲ್ಲಿ ಸೀರೆಯ ಬಟ್ಟೆಯೂ ಸೇರಿದೆ ಎಂದ.

ಬರೀ ಶೇರವಾನಿ ತಂದಿದ್ದರೆ ಚಿಂತೆಯಿರಲಿಲ್ಲ, ಅವನು ಅದಬನ್ನೂ ತಂದ. ಅದಬು ಎಂದರೆ ಪಟ್ಟಣದ ದೊಡ್ಡವರು ಒಬ್ಬರಿಗೊಬ್ಬರು ತೋರಿಸುವ ನಯ. ಹೈದರಾಬಾದಿನ ಒಂದು ಚಹಾದಂಗಡಿಯ ಎದುರು ಕಂಬಳಿ ಹೊತ್ತು ನಿಂತಿದ್ದಾಗ ಅವನು ಅದನ್ನು ಕಣ್ಣಾರೆ ಕಂಡಿದ್ದ. ಇಬ್ಬರು ಗೃಹಸ್ಥರು ಕೂತಿದ್ದರು. ಒಬ್ಬರು ಇನ್ನೊಬ್ಬರ ಬೆಳ್ಳಿ ಹಿಡಿಯ ಬೆತ್ತವನ್ನು ನೋಡಿ, ಬಹಳ ಚೆನ್ನಾಗಿದೆ, ಯಾರದು ಎಂದರು. ಆ ಗೃಹಸ್ಥರು ಎದ್ದು, ಎರಡೂ ಕೈಯಿಂದ ಬೆತ್ತವನ್ನು ಮುಂದೆ ಚಾಚಿ, ತಮ್ಮದೇ, ಸ್ವೀಕರಿಸಬೇಕು ಎಂದರು. ಕೇಳಿದವರು ಎದೆಯ ಮೇಲೆ ಕೈಯಿಟ್ಟು, ತಮ್ಮ ಕೈಯಲ್ಲಿದ್ದರೇ ಅದಕ್ಕೆ ಶೋಭೆ ಎಂದು ತಿರುಗಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಒಬ್ಬರ ಮೊಳಕೈ ತಾಗಿ ಇನ್ನೊಬ್ಬರ ಬಟ್ಟೆಯ ಮೇಲೆ ಚಹಾ ಚೆಲ್ಲಿತು. ಕಸೂರು, ಅಂದರೆ ತಪ್ಪು, ನನ್ನದು ಎಂದರು ಚೆಲ್ಲಿದವರು. ಛೇ, ಕಸೂರು ನನ್ನದು ಎಂದರು ತೊಯ್ದವರು. ಇಬ್ಬರೂ ತಬ್ಬಿಕೊಂಡು ಹೊರಟುಹೋದರು.

ಯಂಕಪ್ಪನಿಗೆ ತಾಂಡೂರಿಗೆ ಬಂದು ಇಳಿಯುವ ತನಕ ಅದೇ ವಿಚಾರ. ಕೊಟ್ಟ ಬೆತ್ತ ತಿರುಗಿ ಬಂತು, ಒಪ್ಪಿಕೊಂಡ ತಪ್ಪೂ ತಿರುಗಿ ಬಂತು! ಕೆಂಚಮಾಳದಲ್ಲಿ ಕೊಟ್ಟ ಕುಡುಗೋಲು ಕೂಡ ತಿರುಗಿ ಬರುವುದಿಲ್ಲ. ಒಂದು ಕಾಸಿನ ಖರ್ಚಿಲ್ಲದೆ ಮನುಷ್ಯ ಇಷ್ಟು ದೊಡ್ಡವನಾಗಬಹುದಾದರೆ, ಇಷ್ಟು ವರ್ಷ ತಾನು ಸುಮ್ಮನೆ ಸಣ್ಣವನಾಗಿ ಬಾಳಿದೆನಲ್ಲ ಎಂದು ಅವನಿಗೆ ಖೇದವಾಯಿತು.

ಊರಿಗೆ ಬಂದವನೇ ಶುರು ಮಾಡಿದ. ಸಂತೆಗೆ ಹೊರಟಿದ್ದ ಒಬ್ಬ ದಾರಿಹೋಕ ಯಂಕಪ್ಪನ ಟಗರನ್ನು ನೋಡಿ, ಯಾರದಪ್ಪಾ ಇದು ಎಂದ. ಯಂಕಪ್ಪ ಬಗ್ಗಿ, ತಮ್ಮದೇ ಎಂದ. ದಾರಿಹೋಕ ಪ್ರಾಮಾಣಿಕ ಮನುಷ್ಯ, ಹೇಳಿದ್ದನ್ನು ನಂಬುವವನು. ಟಗರಿನ ಹಗ್ಗ ಬಿಚ್ಚಿಕೊಂಡು ನಡೆದುಬಿಟ್ಟ. ಯಂಕಪ್ಪ ಎದೆಯ ಮೇಲಿನ ಕೈಗಾಗಿ ಕಾಯುತ್ತ ಬಗ್ಗಿಯೇ ನಿಂತಿದ್ದ. ಮೋನಮ್ಮ ಹಳ್ಳದ ತನಕ ಓಡಿ, ಅದಬಿನಲ್ಲಿ ಎಲ್ಲೂ ಬಾರದ ಕೆಲವು ಮಾತುಗಳನ್ನು ಆಡಿ ಟಗರನ್ನು ತಿರುಗಿ ತಂದಳು. ಯಂಕಪ್ಪ ಮಾತ್ರ, ತಪ್ಪು ತನ್ನದಲ್ಲ, ಅದಬಿನಲ್ಲಿ ತಿರುಗಿ ಕೊಡುವ ಅರ್ಧ ಅವನಿಗೆ ಗೊತ್ತಿಲ್ಲ, ಹಳ್ಳಿ ಮನುಷ್ಯ ಎಂದು ಬೇಸರಪಟ್ಟುಕೊಂಡ.

ಈಗ ಮಾಳದ ಸಂಗತಿ. ಊರ ಹಿಂದೆ ಕೆಂಪು ಗರಸಿನ ಒಂದು ಎತ್ತರದ ಬಯಲಿತ್ತು. ಕಾಗದದಲ್ಲಿ ಅದು ಗಾಯರಾಣ, ಅಂದರೆ ಊರಿನ ದನ ಕುರಿ ಮೇಯಲು ಬಿಟ್ಟ ಸರಕಾರಿ ನೆಲ. ನೇಗಿಲು ನಾಟದ ಜಾಗ, ಯಾರಿಗೂ ಅದರ ಮೇಲೆ ಆಸೆಯಿರಲಿಲ್ಲ. ಯಂಕಪ್ಪನ ಕುರಿಗಳು ಅಪ್ಪ ಅಜ್ಜನ ಕಾಲದಿಂದ ಅಲ್ಲೇ ಮೇದು ಬಂದವು. ಮೊದಲ ಮಳೆಗೆ ಹುಲ್ಲು ತಲೆಯೆತ್ತಿದರೆ ಕುರಿ ಆ ತಲೆಯನ್ನು ಕತ್ತರಿಸುತ್ತಿತ್ತು. ಹುಲ್ಲು ಗಿಡ್ಡಾದಲ್ಲೆಲ್ಲ ಶ್ರಾವಣದ ಹೊತ್ತಿಗೆ ಸಣ್ಣಪುಟ್ಟ ಗಿಡಗಳು ನೆಲಕ್ಕಂಟಿಕೊಂಡು ಏಳುತ್ತಿದ್ದವು. ಬಿಳಿ ತುಂಬೆ, ನೀಲಿ ವಿಷ್ಣುಕ್ರಾಂತಿ, ಹಳದಿ ನೆಗ್ಗಿಲು, ಹಳದಿಯದೇ ಹಕ್ಕರಿಕಿ, ಬದಿಯಲ್ಲಿ ಬೆಳ್ಳಗೆ ಗುಲಾಬಿಯಾಗಿ ನಿಂತ ಗುನುಗು. ಇಡೀ ಮಾಳ ಹೂವಾಗುತ್ತಿತ್ತು. ಬಿತ್ತಿದವರು ಯಾರೂ ಇಲ್ಲ, ನೀರು ಹಾಕಿದವರೂ ಇಲ್ಲ. ಊರಿನವರು ಅವನ್ನು ಹೂವು ಎಂದು ಕರೆಯುತ್ತಲೂ ಇರಲಿಲ್ಲ. ಹಕ್ಕರಿಕಿ ಅಂದರೆ ರೊಟ್ಟಿಗೆ ಪಲ್ಯ, ತುಂಬೆ ಅಂದರೆ ನೆಗಡಿಗೆ ಮದ್ದು, ಉಳಿದದ್ದು ಕುರಿಗೆ ಮೇವು. ಪಕ್ಕದ ಮನೆಯ ತಾರಾಬಾಯಿ ದಿನಾ ಉಡಿ ತುಂಬ ಪಲ್ಯ ಕಿತ್ತು ತಂದು, ಈ ಮಾಳ ಇರೋತನಕ ನನಗ ಕಾಯಿಪಲ್ಲೆ ಸಂತಿಯ ಹಂಗಿಲ್ಲ ಅನ್ನುತ್ತಿದ್ದಳು.

ಅಂಥ ಶ್ರಾವಣದಲ್ಲಿ ಒಬ್ಬ ಸಾಹೇಬರು ಊರೂರು ತಪಾಸಣೆ ಮಾಡುವ ದೌರೆಗೆ ಬಂದರು. ಅವರ ಇಲಾಖೆಯ ಹೆಸರು ಉದ್ದವಾಗಿತ್ತು, ಊರಿನಲ್ಲಿ ಯಾರ ಬಾಯಲ್ಲೂ ನಿಲ್ಲಲಿಲ್ಲ. ಎಲ್ಲರೂ ದೌರಾ ಸಾಹೇಬರು ಎಂದರು. ಕೆಟ್ಟವರಲ್ಲ, ಇದನ್ನು ಒತ್ತಿ ಹೇಳಬೇಕು. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಹೂವು ಕಂಡರೆ ಕಣ್ಣು ತುಂಬಿಕೊಳ್ಳುವ ಮೃದು ಜೀವ. ಕೆಟ್ಟವರು ಬಂದಿದ್ದರೆ ಒಂದು ಕುರಿ ತಿಂದು ಹೋಗುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು.

ಮಾಳ ಹತ್ತಿದ ಸಾಹೇಬರು ಕುದುರೆ ನಿಲ್ಲಿಸಿದರು. ಕೆಳಗೆ ಇಳಿದರು. ಹಿಂದೆ ಊರಿನ ಜಮೀನಿನ ಲೆಕ್ಕ ಬರೆಯುವ ಪಟವಾರಿ ಹಣಮಂತರಾಯರು ಬೆವರು ಒರೆಸುತ್ತ ಬಂದರು. ಅಷ್ಟರಲ್ಲಿ ಶೇರವಾನಿ ತೊಟ್ಟ ಒಂದು ಆಕೃತಿ ಕುರಿಗಳ ನಡುವಿನಿಂದ ಎದ್ದು ಸಲಾಮು ಮಾಡಿತು. ಸಾಹೇಬರು ಅದರ ಕಡೆ ತಿರುಗಿ, ಉರ್ದುವಿನಲ್ಲಿ, ಈ ಬಾಗು, ಅಂದರೆ ಈ ಹೂದೋಟ, ಯಾರದು ಎಂದು ಕೇಳಿದರು.

ಯಂಕಪ್ಪನ ಜನ್ಮವೇ ಈ ಪ್ರಶ್ನೆಗಾಗಿ ಕಾದಿತ್ತು. ಕೊನೆಗೂ ಪಟ್ಟಣದವರು, ತಿರುಗಿ ಕೊಡಲು ಗೊತ್ತಿದ್ದವರು ಬಂದಿದ್ದರು. ಅವನು ಎರಡೂ ಕೈ ಮಾಳದ ಕಡೆ ಚಾಚಿ ಬಗ್ಗಿದ.

"ತಮ್ಮದೇ ಹುಜೂರ್."

ಬಗ್ಗಿದಲ್ಲಿಂದಲೇ ಕಣ್ಣು ಮೇಲೆ ಮಾಡಿ ಸಾಹೇಬರ ಕೈಯನ್ನು ನೋಡಿದ. ಕೈ ಎದೆಯ ಮೇಲೆ ಹೋಗಲಿಲ್ಲ, ಮೀಸೆಯ ಮೇಲೆ ಹೋಯಿತು. ನಮ್ಮದೇ, ಎಂದು ಸಾಹೇಬರು ಮೆಲ್ಲಗೆ ಅಂದುಕೊಂಡರು. ಇಷ್ಟು ದೂರದ ಹಳ್ಳಿಯಲ್ಲಿ ಸರಕಾರದ ಬಾಗು ಇದೆ, ತಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ! ಹಣಮಂತರಾಯರು ಬಾಯಿ ತೆರೆದು, ಮುಚ್ಚಿದರು. ಸಾಹೇಬರು ಸಂತೋಷದಲ್ಲಿದ್ದಾಗ ನಡುವೆ ಬಾಯಿ ಹಾಕಬಾರದು ಎಂಬುದು ಅವರ ನೌಕರಿಯ ಏಕೈಕ ಸಿದ್ಧಾಂತ. ಆ ಸಿದ್ಧಾಂತದ ಮೇಲೇ ಅವರು ಮನೆ ಕಟ್ಟಿಸಿದ್ದರು.

ಬಾಗನ್ನು ನೋಡಿಕೊಳ್ಳುವವರು ಯಾರು ಎಂದು ಸಾಹೇಬರು ಕೇಳಿದರು. ಮೊದಲನೆಯದು ತಿರುಗಿ ಬಾರದಿದ್ದರೂ ಎರಡನೆಯದಕ್ಕಾದರೂ ಬಂದೀತು ಎಂದು ಯಂಕಪ್ಪ ಇನ್ನೂ ಕೆಳಗೆ ಬಗ್ಗಿದ.

"ತಮ್ಮ ಗುಲಾಮ ಹುಜೂರ್. ನಾನೇ."

ಸಾಹೇಬರು ಅವನ ಭುಜ ತಟ್ಟಿ, ಶಾಭಾಸ್ ಎಂದು ಕುದುರೆ ಹತ್ತಿದರು. ಆ ಸಂಜೆ ಯಂಕಪ್ಪ ಊರೆಲ್ಲ ತಿರುಗಿ ತನ್ನ ಭುಜವನ್ನು ತೋರಿಸಿ ಬಂದ.

ತಿಂಗಳು ತುಂಬುವುದರೊಳಗೆ ಒಂದು ಹಲಗೆ ಬಂತು, ಸೊಂಟಕ್ಕೆ ಕಟ್ಟುವ ಒಂದು ಪಟ್ಟಿ ಬಂತು, ಪಟ್ಟಿಯ ಮೇಲೆ ಹಿತ್ತಾಳೆಯ ಬಿಲ್ಲೆ ಬಂತು. ಹಲಗೆಯ ಮೇಲೆ ಉರ್ದುವಿನಲ್ಲಿ ಬರೆದದ್ದನ್ನು ಹಣಮಂತರಾಯರು ಚಾವಡಿಯಲ್ಲಿ ಓದಿ ಹೇಳಿದರು. ಕೆಂಚಮಾಳದ ಮಾಳ ಇನ್ನು ಮುಂದೆ ಸರಕಾರಿ ಬಾಗು. ಅದರೊಳಗೆ ದನ, ಕುರಿ, ಕುಡುಗೋಲು, ಪರರ ಕೈ, ಯಾವುದೂ ಹೋಗಕೂಡದು. ಬಾಗಿನ ಮಾಲಿ ಯಂಕಪ್ಪ. ವಾರಕ್ಕೊಂದು ಬುಟ್ಟಿ ಹೂವು ಸಾಹೇಬರ ಬಂಗಲೆಗೆ ಮುಟ್ಟಬೇಕು.

ಯಂಕಪ್ಪ ಬಿಲ್ಲೆಯನ್ನು ಶೇರವಾನಿಗೆ ಒರೆಸಿ ಕಟ್ಟಿಕೊಂಡ. ಆಮೇಲೆ ಮೆಲ್ಲಗೆ ಪಗಾರದ ಮಾತೆತ್ತಿದ. ಹಣಮಂತರಾಯರಿಗೆ ಅಚ್ಚರಿಯಾಯಿತು.

"ಅವತ್ತು ನೀನೇ ಗುಲಾಮ ಅಂದಿ. ಸಾಹೇಬ್ರು ಹಂಗೇ ಬರಸ್ಯಾರ. ಗುಲಾಮಗ ಪಗಾರ ಎಲ್ಲಿಂದು ಬರ್ತದ ತಮ್ಮ?"

ಮನೆಗೆ ಬಂದು ಯಂಕಪ್ಪ ಬಿಲ್ಲೆ ತೋರಿಸಿದ. ಮೋನಮ್ಮ ಬಿಲ್ಲೆಯನ್ನು ನೋಡಲಿಲ್ಲ, ದಡ್ಡಿಯಲ್ಲಿದ್ದ ಕುರಿಗಳನ್ನು ನೋಡಿದಳು. ಅವಳಿಗೆ ಇದ್ದ ಆಸ್ತಿ ಅದೊಂದೇ ಹಿಂಡು. ಅದರ ಉಣ್ಣೆಯೇ ಬಟ್ಟೆ, ಅದರ ಮರಿಯೇ ಜೋಳ.

"ಕುರಿ ಎಲ್ಲಿ ಮೇಸೋದ್ರಿ?" ಎಂದಳು.

ಯಂಕಪ್ಪನಿಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಅದೆಲ್ಲ ತಿರುಗಿ ಬರತದ, ಸಾಹೇಬರು ದೊಡ್ಡವರು, ಸ್ವಲ್ಪ ತಡೀಬೇಕು ಎಂದ.

ಬಾಗು ಎಂದ ಮೇಲೆ ಗೋಡೆ ಬೇಕಲ್ಲ. ವೆಟ್ಟಿಯ, ಅಂದರೆ ಬಿಟ್ಟಿ ದುಡಿಮೆಯ, ಲೆಕ್ಕದಲ್ಲಿ ಮನೆಗೊಬ್ಬರು ಬಂದು ಕಲ್ಲು ಹೊತ್ತು ಮಾಳದ ಸುತ್ತ ಪೌಳಿ ಕಟ್ಟಿದರು. ಕೂಲಿಯಿಲ್ಲ, ಅಂಬಲಿಯೂ ಇಲ್ಲ. ತಮ್ಮ ಕುರಿ ತಾವೇ ಹೊರಗೆ ಹಾಕಿಕೊಳ್ಳುವ ಗೋಡೆಯನ್ನು ತಾವೇ ಕಟ್ಟುವಾಗ ಮಂದಿಗೆ ಸಿಟ್ಟು ಬರುವುದು ಸಹಜ. ಸಾಹೇಬರ ಮೇಲೆ ಸಿಟ್ಟಾಗಲು ಸಾಹೇಬರು ಅಲ್ಲಿರಲಿಲ್ಲ, ಯಂಕಪ್ಪ ಇದ್ದ. ಪ್ರತಿ ಕಲ್ಲನ್ನೂ ಅವನ ಹೆಸರು ಹೇಳಿಯೇ ಇಟ್ಟರು. ಉಳಿದ ಕುರಿಗಾರರು ಹಿಂಡು ಹೊಡೆದುಕೊಂಡು ಬೀಗರ ಊರುಗಳಿಗೆ ಹೋದರು. ಯಂಕಪ್ಪ ಹೋಗುವಂತಿರಲಿಲ್ಲ, ಅವನು ನೌಕರ.

ಮೊದಲು ಕಾನೂನು ಮುರಿದದ್ದು ಅವನ ಬೂದು ಕುರಿಯೇ. ಹಲಗೆಯಲ್ಲಿ ಏನು ಬರೆದಿದೆಯೆಂದು ಅದಕ್ಕೆ ಯಾರೂ ಓದಿ ಹೇಳಿರಲಿಲ್ಲ. ಪೌಳಿ ಹಾರಿ, ಹುಟ್ಟಿದಾಗಿನಿಂದ ಮೇದ ಜಾಗದಲ್ಲಿ ಮೇಯುತ್ತ ನಿಂತಿತು. ಊರೆಲ್ಲ ಗೋಡೆಯ ಮೇಲೆ ಕೂತು ಮಾಲಿ ಏನು ಮಾಡುತ್ತಾನೆ ನೋಡೋಣ ಎಂದು ಕಾಯಿತು. ಯಂಕಪ್ಪ ಬಿಲ್ಲೆ ನೆಟ್ಟಗೆ ಮಾಡಿಕೊಂಡು ಹೋಗಿ, ದಯಮಾಡಿಸಬೇಕು ಎಂದು ಅದರ ಕೊರಳಿಗೆ ಹಗ್ಗ ಹಾಕಿ, ಬಿಡಾಡಿ ದನ ಕೂಡುವ ಕೊಂಡವಾಡಕ್ಕೆ ತಾನೇ ಒಯ್ದು ಕೂಡಿದ. ಆಮೇಲೆ ಬಿಲ್ಲೆ ಬಿಚ್ಚಿ ಕಿಸೆಯಲ್ಲಿಟ್ಟುಕೊಂಡು, ಕುರಿಯ ಮಾಲಕನಾಗಿ ಅದೇ ಬಾಗಿಲಿಗೆ ಬಂದು, ದಂಡ ಕಟ್ಟಿ ಬಿಡಿಸಿಕೊಂಡ. ಊರಿಗೆ ಅಂಥ ತಮಾಷೆ ಮೊದಲು ಸಿಕ್ಕಿರಲಿಲ್ಲ. ನಕ್ಕದ್ದೇ ನಕ್ಕದ್ದು. ಮೋನಮ್ಮ ಮಾತ್ರ ಆ ದಿನ ಒಲೆ ಹಚ್ಚಲಿಲ್ಲ.

ಹೂವನ್ನೇ ಗೋಪುರದಂತೆ ಪೇರಿಸಿ ದೇವಿಯೆಂದು ಪೂಜಿಸುವ ಬತುಕಮ್ಮನ ಹಬ್ಬ ಬಂತು. ಗುನುಗು ಹೂವಿಲ್ಲದೆ ಬತುಕಮ್ಮನನ್ನು ಪೇರಿಸುವುದು ಹೇಗೆ? ಹೆಂಗಸರು ಬುಟ್ಟಿ ಹಿಡಿದು ಮಾಳಕ್ಕೆ ಬಂದರು, ಎಲ್ಲರ ಮುಂದೆ ತಾರಾಬಾಯಿ. ಯಂಕಪ್ಪ ಕೈಯೆರಡೂ ಅಗಲಿಸಿ ಪೌಳಿಯ ಸಂದಿಯಲ್ಲಿ ನಿಂತ.

"ನಮ್ಮವ್ವ, ಅವರವ್ವ ಇಲ್ಲೇ ಹೂ ಹರದಾರ. ಬ್ಯಾಡ ಅನ್ನಾಕ ನೀ ಯಾರು?" ಎಂದಳು ತಾರಾಬಾಯಿ.

"ನಾ ಅನ್ನವಲ್ಲೆ ಯಕ್ಕ. ಬಿಲ್ಲೆ ಅನ್ನಕತ್ತದ."

"ಹಂಗಿದ್ರ ನಾಳಿಂದ ಬೆಂಕಿ, ಮಜ್ಜಿಗಿ ಎಲ್ಲಾ ಆ ಬಿಲ್ಲೆನ್ನೇ ಕೇಳು."

ಬುಟ್ಟಿಗಳು ಬರಿದೇ ತಿರುಗಿ ಹೋದವು. ತಾರಾಬಾಯಿ ಹೇಳಿದ್ದನ್ನು ನಡೆಸಿದಳು. ಮರುದಿನದಿಂದ ಯಂಕಪ್ಪನ ಮನೆಗೆ ಯಾರೂ ಕೆಂಡ ಕೊಡಲಿಲ್ಲ, ಅವನ ಸಲಾಮಿಗೆ ಯಾರೂ ಕೈ ಎತ್ತಲಿಲ್ಲ. ಅದಬಿರುವ ಮನುಷ್ಯನಿಗೆ ಅದು ಹಸಿವಿಗಿಂತ ದೊಡ್ಡ ಸಂಕಟ.

ಇನ್ನು ಬಂಗಲೆಗೆ ಮುಟ್ಟಬೇಕಾದ ವಾರವಾರದ ಬುಟ್ಟಿ. ಮಾಳದ ಹೂವು ಬೆಳಿಗ್ಗೆ ಅರಳಿ ಬಿಸಿಲೇರುವ ಹೊತ್ತಿಗೆ ಕಣ್ಣು ಮುಚ್ಚುವ ಜಾತಿ. ಯಂಕಪ್ಪ ಅದನ್ನು ತಲೆಯ ಮೇಲೆ ಹೊತ್ತು ಬಂಗಲೆ ಮುಟ್ಟುವಷ್ಟರಲ್ಲಿ ಬುಟ್ಟಿಯಲ್ಲಿ ಬಾಡಿದ ಸೊಪ್ಪು ಉಳಿದಿರುತ್ತಿತ್ತು. ಬಂಗಲೆಯ ಅಡುಗೆಯವನು ಅದನ್ನು ಸೊಪ್ಪೆಂದೇ ತಿಳಿದು, ಆರಿಸಿ ತೊಳೆದು ಮಾಂಸದ ಜೊತೆ ಬೇಯಿಸಿದ. ಸಾಹೇಬರು ಬೆರಳು ಚೀಪಿ, ಇಂಥ ರುಚಿ ಎಲ್ಲೂ ತಿಂದಿಲ್ಲ ಎಂದರಂತೆ. ಕೆಂಚಮಾಳದ ಹೂವು ಮಾತ್ರ ಯಾಕೆ ಬರುತ್ತಿಲ್ಲ ಎಂದು ಪಟವಾರಿಗೆ ತಾಕೀತು ಹೋಯಿತು. ಪಟವಾರಿ ಯಂಕಪ್ಪನನ್ನು ಗದರಿಸಿದರು. ಯಂಕಪ್ಪ ಮುಂದಿನ ಸಲ ದೊಡ್ಡ ಬುಟ್ಟಿ ಒಯ್ದ. ಅದೂ ಬೆಂದಿತು.

ಇಷ್ಟರ ತನಕ ನಗಬಹುದು. ಇನ್ನು ಮುಂದಿನದನ್ನು ಹೇಳುವಾಗ ನಗು ಸ್ವಲ್ಪ ಬದಿಗಿಡಬೇಕು. ಯಂಕಪ್ಪ ಹೂವು ಕಾಯುತ್ತಿದ್ದಾಗ ಮೋನಮ್ಮ ಒಬ್ಬಳೇ ಕುರಿಗಳನ್ನು ಹೊಡೆದುಕೊಂಡು ಹೊಲದ ಬದು, ದಾರಿಯ ಅಂಚು, ಆಮೇಲೆ ಇನ್ನೂ ದೂರ, ಬರೀ ಪರಸಿ ಕಲ್ಲು ಹಾಸಿದ ನೆಲದ ತನಕ ಅಲೆದಳು. ಬದುವಿಗೆ ಹೋದರೆ ಒಕ್ಕಲಿಗರು ಕಲ್ಲೆಸೆದರು, ಕಲ್ಲು ನೆಲಕ್ಕೆ ಹೋದರೆ ಮೇವಿರಲಿಲ್ಲ. ಬೇಸಿಗೆ ಬರುವ ಮೊದಲೇ ತಾಯಿ ಕುರಿಗಳ ಹಾಲು ಇಂಗಿತು. ಮರಿಗಳು ಒಂದೊಂದಾಗಿ ಬಿದ್ದವು. ಮೋನಮ್ಮ ಸತ್ತ ಮರಿಯನ್ನು ಕಂಬಳಿಯಲ್ಲಿ ಸುತ್ತಿ ತಂದು ಶೇರವಾನಿಯ ಎದುರು ಇಡುತ್ತಿದ್ದಳು. ಯಂಕಪ್ಪ, ಮಳಿ ಬರ್ಲಿ, ಸಾಹೇಬರು ಬರ್ಲಿ, ಕೇಳತೀನಿ ಅನ್ನುತ್ತಿದ್ದ.

ಮಳೆ ಬಂತು. ಮಾಳದಲ್ಲಿ ಹುಲ್ಲು ತಲೆಯೆತ್ತಿತು, ಕತ್ತರಿಸುವ ಬಾಯಿ ಇರಲಿಲ್ಲ. ಶ್ರಾವಣದ ಹೊತ್ತಿಗೆ ಕರಡದ ಹುಲ್ಲು ಸೊಂಟದೆತ್ತರ ಬೆಳೆದು ನಿಂತಿತು. ಅದರ ಬುಡದಲ್ಲಿ ತುಂಬೆ ಒಂದೆರಡು ಎಲೆ ಬಿಟ್ಟು, ಬಿಸಿಲು ಕಾಣದೆ ಬೆಳ್ಳಗಾಗಿ ಮಲಗಿತು. ವಿಷ್ಣುಕ್ರಾಂತಿಯ ಸುಳಿವಿಲ್ಲ, ಹಕ್ಕರಿಕಿಯ ಸುಳಿವಿಲ್ಲ. ಪ್ರತಿ ವರ್ಷ ಗುಂಯ್ ಎಂದು ಬರುತ್ತಿದ್ದ ಜೇನು ಒಂದು ಸುತ್ತು ಹಾರಿ ಬೇರೆ ಊರಿಗೆ ಹೋಯಿತು. ಹಣಮಂತರಾಯರು ಇದೆಲ್ಲ ಮಳೆಯ ದೋಷ ಎಂದರು. ತಾರಾಬಾಯಿ, ತನ್ನ ಶಾಪ ಎಂದು ಹೆಮ್ಮೆಯಿಂದ ಹೇಳಿಕೊಂಡಳು.

ಮೋನಮ್ಮ ಮಾತ್ರ, ಕುರಿ ಇದ್ದಾಗ ಹೂ ಇದ್ವು, ಉಳಿದ ನಾಕು ಕುರಿನಾರೆ ಒಳಗ ಬಿಡ್ರಿ ಎಂದು ಗಂಡನ ಕೈ ಹಿಡಿದಳು. ಯಂಕಪ್ಪನಿಗೆ ಕೋಪವೇ ಬಂತು. ಸರಕಾರದ ಬಾಗಿನಲ್ಲಿ ಕುರಿಯೇ? ತಾನೇ ಮಾಲಿಯಾಗಿ ತಾನೇ ಕಳ್ಳನಾಗಲೇ? ಅವನ ನಿಷ್ಠೆಯನ್ನು ಮೆಚ್ಚಲೇಬೇಕು, ಅದರಿಂದ ಯಾರಿಗೂ ಎಳ್ಳಷ್ಟು ಉಪಯೋಗವಾಗಲಿಲ್ಲ, ಅಷ್ಟೇ.

ಆಗ ಸುದ್ದಿ ಬಂತು. ಸಾಹೇಬರು ಹೈದರಾಬಾದಿನಿಂದ ತಮಗಿಂತ ದೊಡ್ಡ ಸಾಹೇಬರೊಬ್ಬರನ್ನು ಕರೆದುಕೊಂಡು ಬಾಗು ತೋರಿಸಲು ಬರುತ್ತಿದ್ದಾರೆ. ಯಂಕಪ್ಪನ ಬುದ್ಧಿ ಅಲ್ಲಿಯ ತನಕ ಮಲಗಿತ್ತು, ಅವತ್ತು ಎದ್ದಿತು. ಮಲಗಿಯೇ ಇದ್ದರೆ ಚೆನ್ನಾಗಿತ್ತು. ಊರ ಹಿತ್ತಲುಗಳಲ್ಲಿ ಸಿಕ್ಕ ಚೆಂಡುಹೂವು, ಹೊಲದ ಅಂಚಿನಲ್ಲಿ ಸಿಕ್ಕ ಗುರೆಳ್ಳಿನ ಹೂವು ಎಲ್ಲ ಆರಿಸಿ ತಂದು, ಕರಡದ ತುದಿತುದಿಗೆ ಕಟ್ಟಿದ. ಕಟ್ಟಲು ದಾರ ಬೇಕಲ್ಲ, ಮನೆಯಲ್ಲಿದ್ದದ್ದು ಬೂದು ಉಣ್ಣೆಯ ದಾರ. ದೂರದಿಂದ ನೋಡಿದರೆ ಮಾಳ ಸಾಕಷ್ಟು ಹೂವಾಗಿಯೇ ಕಾಣುತ್ತಿತ್ತು. ದೊಡ್ಡವರು ದೂರದಿಂದಲೇ ನೋಡುತ್ತಾರೆ ಎಂಬುದು ಅವನ ಲೆಕ್ಕ.

ದೊಡ್ಡ ಸಾಹೇಬರಿಗೆ ಹೂವಿನ ವಾಸನೆ ನೋಡುವ ಚಟ. ಕುದುರೆಯ ಮೇಲಿನಿಂದಲೇ ಬಗ್ಗಿ ಒಂದು ಚೆಂಡುಹೂವು ಎಳೆದರು. ಹೂವಿನ ಹಿಂದೆ ದಾರ ಬಂತು. ಇನ್ನೊಂದು ಎಳೆದರು, ಇನ್ನೊಂದು ದಾರ. ಅವರು ದಾರವನ್ನು ಬೆರಳಿಗೆ ಸುತ್ತಿ ನೋಡಿದರು. ಆಮೇಲೆ ಎದುರು ಬಗ್ಗಿ ನಿಂತಿದ್ದ ಮಾಲಿಯ ಶೇರವಾನಿಯ ಕೆಳಗಿನ ಗಂಟುಗಳನ್ನು ನೋಡಿದರು. ಅದೇ ಬೂದು ಬಣ್ಣ, ಅದೇ ಹುರಿ. ದೊಡ್ಡ ಸಾಹೇಬರು ನಗತೊಡಗಿದರು. ದೌರಾ ಸಾಹೇಬರು ನಗಲಿಲ್ಲ. ಅವರ ಮುಖ ಮಾಳದ ಗರಸಿನ ಹಾಗೆ ಕೆಂಪಾಯಿತು.

ಸರಕಾರದ ಹೂವೆಲ್ಲ ಎಲ್ಲಿ ಹೋಯಿತು, ಇದು ಯಾರ ಕಸೂರು ಎಂದು ಅವರು ಕೇಳಿದರು. ದನಿ ಏರಿಸಲಿಲ್ಲ. ಹಣಮಂತರಾಯರು ತಮ್ಮ ಕಾಲಿನ ಜೋಡನ್ನು ನೋಡುತ್ತ ನಿಂತರು. ಯಂಕಪ್ಪನ ಕಣ್ಣ ಮುಂದೆ ಆ ಚಹಾದಂಗಡಿ ಬಂತು. ತೊಯ್ದ ಬಟ್ಟೆ, ತಬ್ಬಿಕೊಂಡ ಗೃಹಸ್ಥರು. ಎಲ್ಲ ಕೆಟ್ಟರೂ ಇದೊಂದು ಕೆಡುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಗೋಡೆಯಾಚೆ ನಿಂತ ಮೋನಮ್ಮ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಅವನು ಅತ್ತ ನೋಡಲಿಲ್ಲ.

"ಕಸೂರು ನನ್ನದೇ ಹುಜೂರ್."

ಬಗ್ಗಿ ಕಾದ. ಯಾರೂ ನನ್ನದು ಅನ್ನಲಿಲ್ಲ. ಹಣಮಂತರಾಯರು ನೆಮ್ಮದಿಯ ಉಸಿರು ಬಿಟ್ಟು, ಒಪ್ಪಿಕೊಂಡ ಹುಜೂರ್ ಎಂದರು.

ಶಿಕ್ಷೆ ದೊಡ್ಡದೇನಲ್ಲ. ಸಾಹೇಬರು ದಯಾಳು, ಜೈಲಿಗೆ ಹಾಕಲಿಲ್ಲ. ಬಿಲ್ಲೆ ಕಿತ್ತುಕೊಂಡರು. ಸರಕಾರದ ಹೂವಿನ ನಷ್ಟಕ್ಕೆ ಅಪರಾಧಿಯ ಉಳಿದ ಕುರಿಗಳನ್ನು ಜಪ್ತಿ ಮಾಡಿ ಲಿಲಾವು, ಅಂದರೆ ಹರಾಜು, ಹಾಕಬೇಕು ಎಂದು ಹುಕುಂ ಮಾಡಿದರು. ಮೋನಮ್ಮ ಪಟವಾರಿಯ ಕಾಲಿಗೆ ಬಿದ್ದಳು. ಹಣಮಂತರಾಯರ ಕಣ್ಣಲ್ಲಿ ನೀರು ಬಂತು. ನೀರು ಒರೆಸಿಕೊಂಡು ಕುರಿಗಳನ್ನು ಎಣಿಸಿಕೊಂಡರು.

ಲಿಲಾವಿನ ಮಂಜೂರಿ ಬರುವ ತನಕ ಕುರಿಗಳನ್ನು ಇಡುವುದೆಲ್ಲಿ? ಕೊಂಡವಾಡದ ಮಾಡು ಆ ಮಳೆಗೆ ಬಿದ್ದಿತ್ತು. ಊರಿನಲ್ಲಿ ನಾಲ್ಕೂ ಕಡೆ ಗೋಡೆಯಿರುವ ಸರಕಾರಿ ಜಾಗ ಒಂದೇ ಒಂದು. ಕುರಿಗಳು ಈಗ ಸರಕಾರದವು, ಬಾಗೂ ಸರಕಾರದ್ದು, ಸರಕಾರದ ಕುರಿ ಸರಕಾರದ ಬಾಗಿನಲ್ಲಿ ಇರಕೂಡದೆಂದು ಹಲಗೆಯಲ್ಲಿ ಎಲ್ಲೂ ಬರೆದಿಲ್ಲ ಎಂದು ಹಣಮಂತರಾಯರು ವಿಚಾರ ಮಾಡಿದರು. ಕುರಿಗಳನ್ನು ಪೌಳಿಯೊಳಗೆ ಬಿಟ್ಟರು. ಕಾಯಲು ತಮ್ಮ ಕಡೆಯ ತುಳಜಪ್ಪನನ್ನು ಇಟ್ಟರು. ಅವನು ಅದಬು ಕಲಿತವನಲ್ಲ, ಗುಲಾಮ ಎಂದು ಬಾಯಿಬಿಟ್ಟು ಹೇಳಿರಲಿಲ್ಲ, ಆದ್ದರಿಂದ ಅವನಿಗೆ ಪಗಾರ ಸಿಕ್ಕಿತು.

ಮಂಜೂರಿ ಬೇಗ ಬರಲಿಲ್ಲ. ಕಚೇರಿಯ ಕಾಗದ ತನ್ನ ನಡಿಗೆಯಲ್ಲಿ ಬರುತ್ತದೆ. ಕುರಿಗಳು ಮೇದವು, ಈದವು, ದುಂಡಗಾದವು. ಮೋನಮ್ಮ ದಿನಾ ಪೌಳಿಯ ಹೊರಗೆ ನಿಂತು ಹೊಸ ಮರಿಗಳಿಗೆ ಹೆಸರಿಟ್ಟಳು. ಯಂಕಪ್ಪ ಶೇರವಾನಿ ಬಿಚ್ಚಿಟ್ಟು ಕಂಬಳಿ ಹೊದ್ದು ಅವಳ ಪಕ್ಕ ನಿಲ್ಲುತ್ತಿದ್ದ. ಒಳಗೆ ಹೋಗಲು ತುಳಜಪ್ಪ ಬಿಡುತ್ತಿರಲಿಲ್ಲ.

ಮತ್ತೆ ಮಳೆಗಾಲ ಬಂತು. ಕುರಿಗಳು ಹುಲ್ಲಿನ ತಲೆ ಕತ್ತರಿಸಿದವು. ಮಣ್ಣಿನಲ್ಲಿ ಕಾದು ಕೂತಿದ್ದ ಬೀಜ ಬಿಸಿಲು ಕಂಡಿತು. ಶ್ರಾವಣದಲ್ಲಿ ಮಾಳ ಮೊದಲಿನಂತೆ ಹೂವಾಯಿತು, ಬಿಳಿ, ನೀಲಿ, ಹಳದಿ. ಜೇನೂ ಬಂತು.

ದೌರಾ ಸಾಹೇಬರೂ ಬಂದರು. ನೋಡಿ ಅವರ ಕಣ್ಣು ತುಂಬಿತು. ಕಳ್ಳ ಮಾಲಿ ತೊಲಗಿದ, ಬಾಗು ಬದುಕಿತು ಎಂದು ಹಣಮಂತರಾಯರ ಬೆನ್ನು ತಟ್ಟಿದರು. ಹೂವಿನ ನಡುವೆ ದುಂಡು ದುಂಡಾಗಿ ಕುರಿ ಮರಿಗಳು ಓಡಾಡುತ್ತಿದ್ದವು. ಅದನ್ನೂ ನೋಡಿ ಸಾಹೇಬರಿಗೆ ಆನಂದವಾಯಿತು. ಪೌಳಿಯ ಹೊರಗೆ ಕಂಬಳಿ ಹೊದ್ದು ನಿಂತಿದ್ದ ಮುದುರಿದ ಮನುಷ್ಯನನ್ನು, ಶೇರವಾನಿ ಇಲ್ಲದ್ದರಿಂದ, ಅವರು ಗುರುತಿಸಲಿಲ್ಲ. ಕುದುರೆ ನಿಲ್ಲಿಸಿ, ಇಷ್ಟು ಚಂದದ ಕುರಿಗಳು ಯಾರವು ಎಂದು ಅವನನ್ನೇ ಕೇಳಿದರು.

ಮೋನಮ್ಮ ಗಂಡನ ರಟ್ಟೆ ಹಿಡಿದಳು.

"ನಮ್ಮವು ಅನ್ರಿ," ಎಂದಳು ಪಿಸುದನಿಯಲ್ಲಿ. "ಇವತ್ತೊಂದಿನ ಅನ್ರಿ."

ಯಂಕಪ್ಪ ಬಾಯಿ ತೆರೆದ. ಬೂದು ಕುರಿ ಅವನ ವಾಸನೆ ಹಿಡಿದು ಪೌಳಿಯ ಹತ್ತಿರ ಬಂದು ನಿಂತಿತ್ತು. ನಮ್ಮವು ಎನ್ನುವ ಮಾತು ಗಂಟಲಿನ ತನಕ ಬಂದದ್ದು ನಿಜ. ಆದರೆ ಹುಕುಂ ಆದದ್ದೂ ನಿಜ, 'ನಮ್ಮವು' ಅಂದರೆ ಸುಳ್ಳಾಗುತ್ತಿತ್ತು. ಅವನು ಬಗ್ಗಿದ.

"ತಮ್ಮವೇ ಹುಜೂರ್."

ಈ ಸಲ ಅದರಲ್ಲಿ ಅದಬು ಇರಲಿಲ್ಲ, ಕಾಗದದಲ್ಲಿ ಇದ್ದದ್ದನ್ನೇ ಅವನು ಹೇಳಿದ್ದ. ಆದರೆ ಸಾಹೇಬರಿಗೆ ಅದು ಗೊತ್ತಾಗಲಿಲ್ಲ. ಕಂಬಳಿ ಹೊದ್ದ ಹಳ್ಳಿಯವನ ಬಾಯಲ್ಲಿ ಇಂಥ ನಯವೇ ಎಂದು ಅವರು ಬೆರಗಾದರು. ಮೆಲ್ಲಗೆ ಬಲಗೈ ಎತ್ತಿದರು. ಎತ್ತಿ ಎದೆಯ ಮೇಲೆ ಇಟ್ಟುಕೊಂಡರು.

"ಇಲ್ಲ ಇಲ್ಲ," ಎಂದರು ತಲೆ ಬಾಗಿಸಿ, "ನಿಮ್ಮವೇ."

ಕುದುರೆ ಮುಂದೆ ಹೋಯಿತು.

ಯಂಕಪ್ಪ ಮೋನಮ್ಮನ ಕಡೆ ತಿರುಗಿದ. ಇಷ್ಟು ವರ್ಷಕ್ಕೆ ಅವನ ಮುಖದಲ್ಲಿ ಗೆಲುವು ಕಂಡಿತು. ಬಂತು ನೋಡು, ತಿರುಗಿ ಬಂತು ನೋಡು ಎಂದು ಪೌಳಿ ಹತ್ತಿ ಒಳಗೆ ಒಂದು ಕಾಲಿಟ್ಟ. ಮೋನಮ್ಮನೂ ಸೆರಗು ಬಿಗಿದು ಬೂದು ಕುರಿಯ ಕಡೆ ಕೈ ಚಾಚಿದಳು. ತುಳಜಪ್ಪ ಬಡಿಗೆ ಅಡ್ಡ ಹಿಡಿದ. ಹಿಂದಿನಿಂದ ಹಣಮಂತರಾಯರು ಬಂದು ಯಂಕಪ್ಪನ ಭುಜ ಹಿಡಿದು, ಸಿಟ್ಟಿಲ್ಲದೆ, ತಿಳಿಯದವರಿಗೆ ತಿಳಿಹೇಳುವ ದನಿಯಲ್ಲಿ ಹೇಳಿದರು.

"ಏ ಯಂಕಪ್ಪ, ಸಾಹೇಬ್ರು ಅದಬಿಗಿ ಅಂದಾರ. ದೊಡ್ಡೋರು ಅದಬಿಗಿ ಅಂದಿದ್ದು ಯಾರರೆ ಖರೆ ಹಿಡೀತಾರೇನು?"

ಯಂಕಪ್ಪ ಒಳಗಿಟ್ಟ ಕಾಲನ್ನು ಹೊರಗೆ ತೆಗೆದ. ಬೂದು ಕುರಿ ಪೌಳಿಯ ಆಚೆಯಿಂದ ಒದರುತ್ತಲೇ ಇತ್ತು. ಮೋನಮ್ಮ ಅದರ ಹಣೆ ಒಮ್ಮೆ ಸವರಿ, ಗಂಡನಿಗಾಗಿ ಕಾಯದೆ ಮನೆಯ ಕಡೆ ನಡೆದಳು. ಲಿಲಾವಿನ ಮಂಜೂರಿ ಆ ವಾರವೇ ಬಂತು.